ಹೊರಗಿನ ಚಿಲಕ

ಪ್ರೀತಿಯ ಅಕ್ಕ,

ನಾನು ಸಂಪಾದಿಸುತ್ತಿರುವ ಭಯಾನಕ ಕಾಮಿಕ್ಸ್ ಸಂಕಲನದಲ್ಲಿ ನಿನ್ನ ಕಥೆಯನ್ನೇ ಮೊದಲಿಗಿಟ್ಟಿದ್ದೇನೆ. ದೆವ್ವ ಹೆಂಗಸನ್ನು ಕೂಡಿಹಾಕುವ ಕೋಣೆಗೆ ನೀನು ಹೊರಗಡೆ ಚಿಲಕ ಇರುವಂತೆ ಚಿತ್ರ ಬರೆದಿದ್ದೆ. ಎಂಥ ಕಲ್ಪನೆ ಎಂದು ಮೆಚ್ಚಿಕೊಂಡಿದ್ದೆ.

ನಿನ್ನೆ ಪುಟಗಳನ್ನು ಒಯ್ಯಲು ಬಂದಾಗ ನಿಮ್ಮ ಮಲಗುವ ಕೋಣೆಗೂ ಅಂಥದೇ ಚಿಲಕ ಕಂಡಿತು. "ನಿಮ್ಮಕ್ಕ ನಿದ್ದೇಲಿ ಓಡಾಡ್ತಾಳೆ ಕಣಮ್ಮ, ಅದಕ್ಕೇ" ಎಂದು ಭಾವ ನಕ್ಕರು. ನೀನು ತಲೆಯೆತ್ತಲಿಲ್ಲ. ನಿನ್ನ ಮದುವೆಯ ತನಕ ನಿನ್ನ ಪಕ್ಕದಲ್ಲೇ ಮಲಗಿದವಳು ನಾನು. ನೀನು ಮಗ್ಗುಲು ಕೂಡ ಬದಲಿಸುತ್ತಿರಲಿಲ್ಲ.

ಕೊನೆಯ ಪುಟ ತಿದ್ದಲು ನೀನೇ ಕಚೇರಿಗೆ ಬರಬೇಕೆಂದು ನಾಳೆ ಭಾವನಿಗೆ ಫೋನ್ ಮಾಡುತ್ತೇನೆ. ಪಾಪುವನ್ನೂ ಎತ್ತಿಕೊಂಡು ಬಾ. ಬಟ್ಟೆಬರೆ ತರಬೇಡ, ಅವರಿಗೆ ಅನುಮಾನ ಬಂದೀತು. ನಮ್ಮ ಕಚೇರಿಯಿಂದ ಕರಡು ತರುವಾಕೆ ಇದನ್ನು ನಿನ್ನ ಕೈಗೇ ಕೊಡುತ್ತಾಳೆ, ಓದಿ ಹರಿದುಹಾಕು.

ಪುಟದಲ್ಲಿ ತಿದ್ದುವುದೇನೂ ಇಲ್ಲ.

ನಿನ್ನ ತಂಗಿ