ಬಿಟ್ಟ ಬಿಳಿ

ಹ್ಯಾರಿಯೆಟ್,

ಸ್ಕಿಡಾ ಬೆಟ್ಟದ ಜಲವರ್ಣವನ್ನು ಇವತ್ತು ಲಂಡನ್ನಿನ ಪ್ರದರ್ಶನಕ್ಕೆ ಕಳಿಸಿದೆ. ಜುಲೈನ ಬೇಸಿಗೆಯಲ್ಲಿ ನೀನು ಬಂದು ಕೂರುತ್ತೀ ಎಂದು ಚಿತ್ರದ ಬಂಡೆಯ ಮೇಲೆ ಬಿಟ್ಟಿದ್ದ ಜಾಗ ಬರಿಯ ಕಾಗದವಾಗಿಯೇ ಉಳಿದಿತ್ತು. ಕಳಿಸುವ ಮುನ್ನ ಮನೆಯೊಡತಿ ಮಿಸೆಸ್ ಟೈಸನ್ ಚಹಾ ಇಟ್ಟು ಬಗ್ಗಿ ನೋಡಿದಳು.

“ಇದೇನು ಸ್ವಾಮಿ, ಇಲ್ಲಿ ಬಣ್ಣ ಮುಗಿದುಹೋಯ್ತಾ?”

“ಅದು ಹಿಮ.”

“ಜುಲೈನಲ್ಲಾ? ಪಕ್ಕದಲ್ಲೇ ಹೂ ಬಿಟ್ಟಿದೆಯಲ್ಲ. ಒಂದು ಕುರಿನಾದ್ರೂ ಕೂರಿಸಿ, ಯಾರೂ ಕೇಳಲ್ಲ.”

ಕುರಿಗೆಂದು ಬೂದು ಬಣ್ಣ ಕಲಸಿದೆ. ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಬಿಡುತ್ತೇವೆ. ಒಮ್ಮೆ ಬಣ್ಣ ತಾಗಿದರೆ ಆ ಬಿಳಿ ಮತ್ತೆ ಸಿಗುವುದಿಲ್ಲ. ಕುಂಚ ಒಣಗುವವರೆಗೂ ಸುಮ್ಮನೆ ಕೂತಿದ್ದೆ.

ಕೊನೆಗೆ ಚಿತ್ರದಡಿಯ ‘ಜುಲೈ’ ಅಳಿಸಿ, ಇಲ್ಲಿ ಇನ್ನೂ ಹಿಮವಿರುವ ‘ಮಾರ್ಚ್’ ಎಂದು ಬರೆದೆ. ಮಾರ್ಚಿನಲ್ಲಿ ಇಲ್ಲಿ ಅರಳದ ಆ ಬೇಸಿಗೆಯ ಹೂಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಎಂದಾದರೂ ನೀನು ನೋಡಿದರೆ ತಿಳಿಯುತ್ತದೆ.