ಸಿರುಗುಪ್ಪದ ವಿಳಾಸ

ಪ್ರೀತಿಯ ಮಾವಾರೆ,

ನೀವು ತೀರಿಕೊಂಡ ಮೇಲಿನ ಶಿವಗಣಾರಾಧನೆ ಮೊನ್ನೆ ಮುಗಿಯಿತು. ಅದರ ಕರೆಯ ಪತ್ರವನ್ನು ನಾನೇ ಜೋಡಿಸಿದೆ. ತಪ್ಪೇನೂ ಇಲ್ಲ, ಆದರೂ ನೀವಿದ್ದಿದ್ದರೆ ಕನ್ನಡಕ ಏರಿಸಿಕೊಂಡು ಒಂದಾದರೂ ಹುಡುಕುತ್ತಿದ್ದಿರಿ. ಅದಿರಲಿ, ಈ ಕಾಗದ ಬರೆಯುತ್ತಿರುವುದು ನಿಮ್ಮ ತಂಗಿ ಬಸಮ್ಮತ್ತೆಯ ಸುದ್ದಿ ಹೇಳಲು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಬಳ್ಳಾರಿ ಕೋಟೆ ಬುಡದ ನಮ್ಮ ಪ್ರೆಸ್ಸಿನಲ್ಲಿ ನೀವು ಇನ್ನೂ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದಿರಿ. ಮೇಲಿಂದ ಮೇಲೆ ಬೇಕಾಗುವ ವಿಳಾಸಗಳನ್ನು ಬಿಚ್ಚದೆ, ದಾರ ಸುತ್ತಿ ಹಲಗೆಯ ಮೇಲೆ ಇಡುತ್ತಿದ್ದಿರಿ. ಬೇಕಾದಾಗ ಇಡಿಯಾಗಿ ಎತ್ತಿ ಪತ್ರದ ತಲೆಗೆ ಕೂರಿಸಿದರೆ ಕೆಲಸ ಮುಗಿಯಿತು. ಒಬ್ಬರಿಗೆ ಒಂದೇ ಗಂಟು. ಮನೆ ಬದಲಾದರೆ ಆ ಗಂಟನ್ನು ತಿದ್ದಿದರೆ ಸಾಕಾಗಿತ್ತು.

ಕಂಪ್ಯೂಟರು ಬಂದಾಗ ನೀವೂ ಕಲಿತಿರಿ, ಆದರೆ ನಿಮ್ಮದೇ ದಾರಿಯಲ್ಲಿ. ಯಾವುದೋ ಹಳೆಯ ಪತ್ರ ತೆರೆಯುವುದು, ಒಕ್ಕಣೆ ಅಳಿಸಿ ಹೊಸದು ಹೊಡೆಯುವುದು. ಹೀಗಾಗಿ ಒಬ್ಬರದೇ ವಿಳಾಸ ಹತ್ತಾರು ಪತ್ರಗಳಲ್ಲಿ ಕೂತಿತ್ತು. ಆಗಲೇ ಗಣಿ ಧೂಳು ಜೋರಾಗಿದ್ದು. ಅದಿರು ಲಾರಿ ಕೊಂಡವರೆಲ್ಲ ಮನೆ ಬದಲಿಸಿದರು. ಬಸಮ್ಮತ್ತೆಯ ಮಗನೂ ಲಾರಿ ಕೊಂಡ. ಸಿರುಗುಪ್ಪದ ಆ ಓಣಿಯಲ್ಲಿ ಲಾರಿ ತಿರುಗದೆ, ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟು ಬಳ್ಳಾರಿ ರಸ್ತೆಯಲ್ಲಿ ಬೇರೆ ಮನೆ ಮಾಡಿದರು. ಅವನ ಲಾರಿ ಆಫೀಸಿನ ಪತ್ರದಲ್ಲಿ ನೀವೇ ಹೊಸ ವಿಳಾಸ ತಿದ್ದಿದಿರಿ. ನಮ್ಮ ಮನೆಯ ಪತ್ರದಲ್ಲಿ?

ನಮ್ಮ ಅತ್ತೆಯವರು ತೀರಿಕೊಂಡಾಗ ಮಣ್ಣಿಗೆ ಬಂದಿದ್ದ ಬಸಮ್ಮತ್ತೆ ಆರಾಧನೆಗೆ ಬರಲಿಲ್ಲ. ಕೊನೆಯ ಪಂಕ್ತಿ ಏಳುವವರೆಗೂ ನೀವು ಬಾಗಿಲು ನೋಡುತ್ತಿದ್ದಿರಿ. ಫೋನ್ ಮಾಡೋಣ ಎಂದರೆ ಕೇಳಲಿಲ್ಲ. ಅಚ್ಚಾದ ಪತ್ರ ಹೋಯಿತೆಂದರೆ ಕರೆದಂತೆ, ಫೋನಿನಲ್ಲಿ ಕರೆಯುವುದು ಕಾಟಾಚಾರ ಎಂಬುದು ನಿಮ್ಮ ವಾದ. ಕೆಲವು ದಿನದ ಮೇಲೆ ನಾನು ಕಂಪ್ಯೂಟರಿನಲ್ಲಿ ಆ ಪತ್ರ ತೆರೆದು ತೋರಿಸಿದೆ. ಅದನ್ನು ನೀವು ನಮ್ಮ ಮನೆಯ ಹಿಂದಿನ ಯಾವುದೋ ಕಾರ್ಯದ ಪತ್ರದ ಮೇಲೆಯೇ ಜೋಡಿಸಿದ್ದಿರಿ, ವಿಳಾಸ ಹಳೆಯ ಓಣಿಯದು. ಕನ್ನಡಕ ತೆಗೆದಿಟ್ಟು ಹೇಳಿದಿರಿ:

“ತಪ್ಪು ನಂದ ಐತಿ, ಖರೆ. ಆದ್ರ ಆಕಿನೂ ಒಂದ್ ಮಾತು ಕೇಳಬೇಕಿತ್ತಲ್ಲವ್ವ.”

ಅಂಥ ಹಟಮಾರಿ ನೀವು. ನನಗೆ ಆ ದಿನ ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ.

ಆಮೇಲೆ ಇಬ್ಬರೂ ಕೂತು ವಿಳಾಸಗಳನ್ನೆಲ್ಲ ಒಂದೇ ಫೈಲಿಗೆ ತಂದೆವಲ್ಲ. ಪ್ರತಿಯೊಂದಕ್ಕೂ ಒಂದು ಅಡ್ಡಹೆಸರು. ಪತ್ರದಲ್ಲಿ ಆ ಹೆಸರು ಬರೆದರೆ ಪೂರ್ತಿ ವಿಳಾಸ ತಾನೇ ಬಂದು ಕೂರುತ್ತದೆ, ಫೈಲಿನಲ್ಲಿ ಒಮ್ಮೆ ತಿದ್ದಿದರೆ ಮುಂದಿನ ಪತ್ರಗಳಿಗೆಲ್ಲ ಅದೇ. ಇದು ನಮ್ಮ ದಾರದ ಗಂಟೇ ಅಲ್ಲವೇನು ಎಂದು ನಕ್ಕಿರಿ. ಹೆಸರಿಡುವ ಕೆಲಸ ನಿಮ್ಮದಾಯಿತು. ಮೋಕ ಊರಿನ ಗಿರಾಕಿಗೆ ‘ಮೀಸೆ’, ಕುರುಗೋಡಿನ ನನ್ನ ಅಪ್ಪನಿಗೆ ‘ಬೀಗ’. ತಂಗಿಯ ಸರದಿ ಬಂದಾಗ, ನಾನು ಕೇಳುವ ಮೊದಲೇ ‘ಚಿನ್ನಿ’ ಎಂದಿರಿ. ಫೋನ್ ಮಾತ್ರ ಮಾಡಲಿಲ್ಲ.

ನಿಮ್ಮ ಮಣ್ಣಿಗೂ ಬಸಮ್ಮತ್ತೆ ಬಂದಿದ್ದರು. ಮುಖ ನೋಡಿ, ನಮ್ಮ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯದೆ ಹೊರಟುಹೋದರು. ಆರಾಧನೆಗೆ ಬರದಿದ್ದರೆ ಈ ಮನೆಯ ನಂಟು ಅಲ್ಲಿಗೆ ಮುಗಿದಂತೆ ಎಂದು ನನಗೆ ಭಯವಿತ್ತು. ‘ಚಿನ್ನಿ’ಯ ವಿಳಾಸವನ್ನು ಎರಡೆರಡು ಸಲ ನೋಡಿ ಪತ್ರ ಅಂಚೆಗೆ ಹಾಕಿದೆ.

ಮೊನ್ನೆ ಬೆಳಗಿನ ಬಸ್ಸಿಗೇ ಬಂದರು. ಕೈಯಲ್ಲಿ ನಮ್ಮ ಪತ್ರದ ಕವರು. ನಾನು ಕಾಲಿಗೆ ನೀರು ಕೊಟ್ಟು, ಹೋದ ಸಲ ಪತ್ರ ಹಳೆಯ ಮನೆಗೆ ಹೋಗಿದ್ದನ್ನು, ನೀವು ಕಾದದ್ದನ್ನು ಎಲ್ಲ ಹೇಳಿದೆ. ಅವರು ಹೊಸ್ತಿಲಲ್ಲೇ ಕೂತುಬಿಟ್ಟರು.

“ಆ ಪತ್ರ ಮುಟ್ಟಿತ್ತವ್ವ. ಕಾರ್ಯ ಆದ ಮರುದಿನ ಬಾಡಿಗಿಯವ್ರು ತಂದುಕೊಟ್ರು. ಹಂಗ ಬಸ್ ಹತ್ತಿ ಬಂದೆ. ಮನಿಗೆ ಕೀಲಿ, ಪ್ರೆಸ್ಸಿನ ಶಟರು ಕೆಳಗ.”

ಆ ದಿನ ನಾವೆಲ್ಲ ಎಲ್ಲಿದ್ದೆವು, ನೆನಪಿದೆಯೇ? ಆರಾಧನೆ ಮುಗಿದ ಮೇಲೆ ಬೀಗರು ಕರೆದು ಊಟ ಹಾಕಬೇಕೆಂದು ಅಪ್ಪ ನಮ್ಮನ್ನು ಕುರುಗೋಡಿಗೆ ಕರೆದೊಯ್ದಿದ್ದರು. ಬಸಮ್ಮತ್ತೆ ಸಂಜೆಯವರೆಗೆ ಶಟರಿನ ಮುಂದೆ, ಲಾರಿಗಳ ಕೆಂಪು ಧೂಳಿನಲ್ಲಿ ಕೂತು ಹಿಂದಿರುಗಿದ್ದಾರೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀ ಯಾಕ ಬರಲಿಲ್ಲ ಅಂತ ಅಣ್ಣ ಕೇಳ್ತಾನ, ಆವಾಗ ಹೇಳೂಣು ಅಂತ ಕುಂತೆ. ಅಂವ ಕೇಳಲೇ ಇಲ್ಲ.”

ಬಂದಿದ್ದರು, ಮಾವಾರೆ. ನೀವು ಒಂದು ಸಲ ಕೇಳಿದ್ದರೆ...

ಇನ್ನು ಮೇಲೆ ಈ ಮನೆಯಿಂದ ಪತ್ರವನ್ನೂ ಹಾಕುತ್ತೇನೆ, ಫೋನನ್ನೂ ಮಾಡುತ್ತೇನೆ. ಬೈಯುವುದಿದ್ದರೆ ಬೈಯಿರಿ.

ನಿಮ್ಮ ಸೊಸೆ