ಅಂಬತ್ತೂರಿನಲ್ಲಿ ತೆರೆದ ಬಾಗಿಲು

ಚಿಕ್ಕಮ್ಮನಿಗೆ ನಮಸ್ಕಾರ.

ಚೆನ್ನೈಯ ಈ ಅಂಬತ್ತೂರಿನಲ್ಲಿ ಗೆದ್ದೆ! "ಅಲ್ಲಿ ಸತ್ತರೂ ಕೇಳೋರಿಲ್ಲ ಕಣೇ" ಎಂದು ಹೆದರಿಸಿ ಕಳಿಸಿದ್ದೆಯಲ್ಲ, ಕೇಳು. ಹದಿನೈದು ದಿನದ ಹಿಂದೆ ಒಂದು ಮಧ್ಯಾಹ್ನ ನಮ್ಮ ಚಿತ್ರದುರ್ಗದ ಅಭ್ಯಾಸದಂತೆ ಮುಂಬಾಗಿಲು ತೆರೆದಿಟ್ಟೇ ಅಡ್ಡಾದೆ. ಕಣ್ಣು ಬಿಟ್ಟರೆ ಅಪಾರ್ಟ್‌ಮೆಂಟಿನ ಅರ್ಧ ಜನ ನಮ್ಮ ಹಾಲಿನಲ್ಲಿ, ವಾಚ್‌ಮನ್ ಕೈಯಲ್ಲಿ ದೊಣ್ಣೆ! "ಭಯಪಟ್ಬಿಟ್ವಿ ಮಾ! ಬಾಗಿಲು ತೆಗೆದೇ ಇತ್ತಲ್ಲ, ಕಳ್ಳ ಬಂದ್ನೋ ಅಂತ ಓಡಿ ಬಂದ್ವಿ" ಎಂದರು ಎದುರು ಮನೆಯ ಮಾಧವಿಯಮ್ಮ. ಇಲ್ಲೇ ಹುಟ್ಟಿ ಬೆಳೆದ ಕನ್ನಡದವರು.

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಮಂಡಕ್ಕಿಗೆ ಒಗ್ಗರಣೆ ಹಾಕಿ ಎಲ್ಲರನ್ನೂ ಕೂರಿಸಿದೆ. ವರ್ಷಗಟ್ಟಲೆ ಒಂದೇ ಲಿಫ್ಟಿನಲ್ಲಿ ಓಡಾಡಿದವರು ಒಬ್ಬರ ಹೆಸರನ್ನೊಬ್ಬರು ಕೇಳಿಕೊಂಡದ್ದು ಅವತ್ತೇ! ಈಗ ಸಂಜೆಯಾದರೆ ನಮ್ಮ ಮಹಡಿಯ ಬಾಗಿಲುಗಳೆಲ್ಲ ತೆರೆದಿರುತ್ತವೆ. ನಿನ್ನೆ ಇವರು ತಡವಾಗಿ ಬಂದದ್ದಕ್ಕೆ ನನಗಿಂತ ಮೊದಲು ಮಾಧವಿಯಮ್ಮನೇ ವಿಚಾರಿಸಿಕೊಂಡರು.

ಬೆವರುಸಾಲೆ ಬಿಟ್ಟರೆ ಆರೋಗ್ಯವಾಗಿದ್ದೇನೆ. ಮಂಡಕ್ಕಿ ಮುಗಿದಿದೆ, ಕಳಿಸು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಕಾರ್ಡಾದರೆ ನಮ್ಮ ಬೀದಿಯೆಲ್ಲ ಓದಿದ ಮೇಲೇ ನಿನ್ನ ಕೈಗೆ ಬರುತ್ತದೆ. ಓದಲಿ ಅಂತಲೇ ಬರೆದಿದ್ದೇನೆ.

ನಿನ್ನ
ಚೇತನಾ